ಗುಡಾರದೊಳಗಿನ ಮಾತು

ಪ್ರೀತಿಯ ಮಗಳೇ,

ಮೊನ್ನೆ ರಾತ್ರಿ ಪಾಳಿ ಮುಗಿಸಿ ಕರೆ ಮಾಡಿದವಳು ಎರಡು ನಿಮಿಷ ಅತ್ತೆ. ಆಮೇಲೆ ನೀನೇ ಕ್ಷಮೆ ಕೇಳಿದೆ. "ಗುಣುಗುಟ್ಟಬಾರದು, ಗೊತ್ತು ಅಪ್ಪಾ. ಕೆಲಸ ಇದೆ, ಆರೋಗ್ಯ ಇದೆ, ದೇವರಿಗೆ ಸ್ತೋತ್ರ" ಎಂದು ಫೋನ್ ಇಟ್ಟೆ. ಆ ಮಾತು ಅಂದಿನಿಂದ ನನ್ನನ್ನು ಕೊರೆಯುತ್ತಿದೆ, ಏಕೆಂದರೆ ಅದನ್ನು ನಿನಗೆ ಕಲಿಸಿದವನು ನಾನು. ಚಿಕ್ಕಂದಿನಲ್ಲಿ ನೀನು ಹಾಗಲಕಾಯಿ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿದಾಗಲೆಲ್ಲ "ಅರಣ್ಯದಲ್ಲಿ ಇಸ್ರಾಯೇಲ್ಯರು ಗುಣುಗುಟ್ಟಿದ ಹಾಗೆ ಗುಣುಗುಟ್ಟಬೇಡ" ಎನ್ನುತ್ತಿದ್ದೆ. ಅರ್ಧ ಕಥೆ ಹೇಳಿ ನಿನ್ನ ಬಾಯಿ ಮುಚ್ಚಿಸಿಬಿಟ್ಟೆ. ಉಳಿದರ್ಧವನ್ನು ಈಗ ಬರೆಯುತ್ತಿದ್ದೇನೆ.

ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡುಗಡೆಯಾಗಿ ಅರಣ್ಯದಲ್ಲಿ ನಡೆಯುತ್ತಿದ್ದ ಆ ಜನರು ನೀರು ಕೇಳಿದ್ದು, ಅನ್ನ ಕೇಳಿದ್ದು ತಪ್ಪಾಗಿರಲಿಲ್ಲ ಮಗಳೇ. ಮಾರಾ ಎಂಬಲ್ಲಿ ನೀರು ಕಹಿಯಾಗಿತ್ತು, ದೇವರು ಅದನ್ನು ಸಿಹಿ ಮಾಡಿದನು. ಹಸಿವೆ ಎಂದರು, ಮರುದಿನ ಬೆಳಿಗ್ಗೆ ಮಂಜಿನ ಜೊತೆ ಮನ್ನ ಎಂಬ ಆಹಾರ ಬಿದ್ದಿತ್ತು. ಹಸಿದವರನ್ನು ಅಲ್ಲಿ ಯಾರೂ ದಂಡಿಸಲಿಲ್ಲ. ಕೆಡುಕು ಶುರುವಾದದ್ದು ಅವರ ನೆನಪು ಸುಳ್ಳಾಡತೊಡಗಿದಾಗ. ಬೈಬಲಿನ ಅರಣ್ಯಕಾಂಡದ 11ನೆಯ ಅಧ್ಯಾಯವನ್ನು ತೆರೆದು ನೋಡು: ಐಗುಪ್ತದಲ್ಲಿ ಬಿಟ್ಟಿಯಾಗಿ ತಿಂದ ಮೀನು, ಸೌತೆಕಾಯಿ, ಕರಬೂಜ, ಈರುಳ್ಳಿ, ಬೆಳ್ಳುಳ್ಳಿ ಎಲ್ಲವೂ ಅವರಿಗೆ ನೆನಪಾಗುತ್ತವೆ. ಬಿಟ್ಟಿಯಾಗಿ! ಹುಲ್ಲನ್ನೂ ಕೊಡದೆ ಇಟ್ಟಿಗೆ ಮಾಡಿಸಿದ ಊರು ಅದು, ಹುಟ್ಟಿದ ಗಂಡುಕೂಸುಗಳನ್ನು ನದಿಗೆ ಎಸೆಯಿಸಿದ ಊರು. ಬೆಳ್ಳುಳ್ಳಿ ನೆನಪಾಯಿತು, ಚಾಟಿ ಮರೆತುಹೋಯಿತು. ಕೃತಜ್ಞತೆ ಎಂದರೆ ನಗುಮುಖ ಹೊತ್ತುಕೊಂಡು ತಿರುಗುವುದೆಂದು ನಾನು ಈಗ ನಂಬುವುದಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ನೆನಪಿಡುವುದು ಅದರ ಮೊದಲ ಕೆಲಸ.

ಇನ್ನೊಂದು ಮಾತು ಧರ್ಮೋಪದೇಶಕಾಂಡದ ಮೊದಲ ಅಧ್ಯಾಯದಲ್ಲಿದೆ. ಇಷ್ಟು ವರ್ಷ ಓದಿಯೂ ನನ್ನ ಕಣ್ಣಿಗೆ ಬೀಳದೆ ಉಳಿದಿತ್ತು. ದೇವರು ಕೊಡುವೆನೆಂದಿದ್ದ ಕಾನಾನ್ ದೇಶವನ್ನು ನೋಡಿಬರಲು ಹೋದ ಹನ್ನೆರಡು ಮಂದಿ 40 ದಿನಗಳ ಮೇಲೆ ಹಿಂದಿರುಗಿದರು. ಇಬ್ಬರು ಅಡ್ಡಕೋಲಿನಲ್ಲಿ ಹೊತ್ತುತಂದ ದ್ರಾಕ್ಷಿಗೊಂಚಲು ಜನರ ಕಣ್ಣೆದುರೇ ಇತ್ತು. ಆದರೂ ಆ ದೇಶದವರು ಬಲಿಷ್ಠರೆಂದು ಕೇಳಿ ಹೆದರಿದ ಜನರು ತಮ್ಮ ತಮ್ಮ ಗುಡಾರಗಳಲ್ಲಿ ಗುಣುಗುಟ್ಟಿದರು. ದೇವರು ನಮ್ಮನ್ನು ದ್ವೇಷಿಸಿಯೇ ಇಲ್ಲಿಗೆ ಕರೆತಂದನು ಎಂದರು. ಎಲ್ಲಿ ಹೇಳಿದರು ಎಂಬುದನ್ನು ಗಮನಿಸು. ಗುಡಾರದೊಳಗೆ. ಗುಣುಗುಟ್ಟು ಎಂಬ ನಮ್ಮ ಕನ್ನಡದ ಮಾತೂ ಅದನ್ನೇ ಹೇಳುತ್ತದೆ: ಕೇಳಬೇಕಾದವನಿಗೆ ಕೇಳಿಸದಂತೆ, ಬಾಯೊಳಗೇ ಆಡಿಕೊಳ್ಳುವುದು. ದೇವರನ್ನು ಕುರಿತು ಆಡಿದರು, ದೇವರೊಡನೆ ಆಡಲಿಲ್ಲ.

ಅವರನ್ನು ನಡೆಸುತ್ತಿದ್ದ ಮೋಶೆಯೂ ದೂರಿದನು, ಅವರಿಗಿಂತ ಕಟುವಾಗಿ. ಈ ಜನರನ್ನೆಲ್ಲ ನಾನು ಹೆತ್ತೆನೇ, ಎದೆಗವಚಿಕೊಂಡು ಹೊತ್ತು ನಡೆಯುವುದಕ್ಕೆ? ಹೀಗೇ ಮಾಡುವುದಾದರೆ ನನ್ನನ್ನು ಕೊಂದುಬಿಡು ಎಂದನು. ಇದೂ ಬೆಳ್ಳುಳ್ಳಿಯ ಅದೇ ಅಧ್ಯಾಯದಲ್ಲಿದೆ. ಅವನಿಗೆ ಬಂದ ಉತ್ತರದಲ್ಲಿ ಗದರಿಕೆಯಿಲ್ಲ. ಹೊರೆಯನ್ನು ಹಂಚಿಕೊಳ್ಳಲು 70 ಮಂದಿ ಹಿರಿಯರನ್ನು ಕರೆದು ತಾ ಎಂದು ದೇವರು ಹೇಳಿದನು. ಒಂದೇ ರಾತ್ರಿಯಲ್ಲಿ ಇಡೀ ವಾರ್ಡನ್ನು ಹೊರುವ ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿನಗೂ ಹೆಗಲು ಕೊಡುವವರು ಬೇಕು, ಕೇಳು.

ನಿನ್ನ ಅಮ್ಮನಿಗೆ ಇಷ್ಟವಾದವಳು ಬೈಬಲಿನ ಹನ್ನ, ಮಕ್ಕಳಿಲ್ಲದೆ ನೊಂದಿದ್ದವಳು. ಶೀಲೋವಿನ ಆಲಯದಲ್ಲಿ ತುಟಿ ಮಾತ್ರ ಅಲುಗುವಂತೆ ಪ್ರಾರ್ಥಿಸುತ್ತಿದ್ದವಳನ್ನು ಯಾಜಕನಾದ ಏಲಿ ಕುಡಿದವಳೆಂದುಕೊಂಡನು. ಅವಳು ತಲೆ ತಗ್ಗಿಸಲಿಲ್ಲ. ಕುಡಿದಿಲ್ಲ, ನನ್ನ ಮನಸ್ಸನ್ನು ಯೆಹೋವನ ಮುಂದೆ ಹೊಯ್ದುಬಿಟ್ಟಿದ್ದೇನೆ ಎಂದಳು. ಆಮೇಲೆ ಎದ್ದುಹೋಗಿ ಊಟ ಮಾಡಿದಳು, ಮುಖದ ದುಃಖ ಹೋಯಿತು. ಅವಳು ಬೇಡಿದ ಮಗ ಸಮುವೇಲ ಇನ್ನೂ ಹುಟ್ಟಿರಲಿಲ್ಲ, ಬಸುರೂ ನಿಂತಿರಲಿಲ್ಲ. ಹನ್ನಳ ಸ್ತೋತ್ರಗೀತೆಯನ್ನು ಎಲ್ಲರೂ ಹೊಗಳುತ್ತಾರೆ. ನನಗಾದರೋ ಆ ಊಟವೇ ದೊಡ್ಡದಾಗಿ ಕಾಣುತ್ತದೆ.

ಬೈಬಲಿನ ಕೀರ್ತನೆಗಳಲ್ಲಿ 13ನೆಯದು ಆರೇ ವಚನಗಳದ್ದು. ಮೊದಲ ಎರಡರಲ್ಲೇ ನಾಲ್ಕು ಸಲ "ಎಷ್ಟರ ವರೆಗೆ" ಎಂಬ ಕೂಗು ಇದೆ. ಕೊನೆಯ ವಚನ ಹಾಡಿಗೆ ತಿರುಗುತ್ತದೆ. ಆ ತಿರುವು ನಿನಗೆ ಇವತ್ತೇ ಬರಬೇಕೆಂದಿಲ್ಲ. 88ನೆಯ ಕೀರ್ತನೆಯಲ್ಲಿ ಅದು ಬರುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆ ಕತ್ತಲೆಯನ್ನೂ ಪ್ರಾರ್ಥನೆಯೆಂದು ಎಣಿಸಿ ಹಿರಿಯರು ಪುಸ್ತಕದಲ್ಲಿ ಉಳಿಸಿದ್ದಾರೆ.

ಭಾನುವಾರ ಆರಾಧನೆ ಮುಗಿದ ಮೇಲೆ ನಾವೇ ಕರೆ ಮಾಡುತ್ತೇವೆ. ಅಮ್ಮ ಚಟ್ನಿಪುಡಿ ಕಳುಹಿಸಿದ್ದಾಳೆ, ತಲುಪಿದರೆ ತಿಳಿಸು. ಫೋನ್ ಎತ್ತಿದ ಕೂಡಲೇ "ಎಲ್ಲ ಚೆನ್ನಾಗಿದೆ" ಎನ್ನಬೇಡ. ಮೊನ್ನೆ ಎಲ್ಲಿ ನಿಲ್ಲಿಸಿದೆಯೋ ಅಲ್ಲಿಂದ ಹೇಳು.

ನಿನ್ನ
ಅಪ್ಪ