ಶೇ 99ರ ನಿಖರತೆ ಕಂಡರೆ ಮೊದಲು ಅನುಮಾನಿಸಿ

ಮಾನ್ಯ ಸಂಪಾದಕರೇ,

ಪದವಿ ವಿದ್ಯಾರ್ಥಿಗಳ ಕಂಪ್ಯೂಟರ್ ವಿಷನ್ (ಚಿತ್ರ, ವಿಡಿಯೊಗಳಲ್ಲಿ ಏನಿದೆಯೆಂದು ಕಂಪ್ಯೂಟರ್ ಗುರುತಿಸುವ ತಂತ್ರ) ವರದಿಯಲ್ಲಿ ಶೇ 99ರ ನಿಖರತೆ ಕಂಡರೆ ಮಾರ್ಗದರ್ಶಕರು ಮೊದಲು ಕೇಳಬೇಕಾದ್ದು ಒಂದೇ: ದತ್ತಾಂಶವನ್ನು ತರಬೇತಿಗೂ ಪರೀಕ್ಷೆಗೂ ಹೇಗೆ ಹಂಚಿದಿರಿ? ಸೆಕೆಂಡಿಗೆ 30 ಫ್ರೇಮ್‌ಗಳ ವಿಡಿಯೊದಲ್ಲಿ ಅಕ್ಕಪಕ್ಕದ ಫ್ರೇಮ್‌ಗಳ ಅಂತರ ಸುಮಾರು 33 ಮಿಲಿಸೆಕೆಂಡ್. ಎರಡೂ ಹೆಚ್ಚುಕಡಿಮೆ ಒಂದೇ ಚಿತ್ರ. ಎಲ್ಲವನ್ನೂ ಕಲಸಿ 80:20ರಂತೆ ಹಂಚಿದರೆ ಮಾದರಿಯು (ಮಾಡೆಲ್) ತರಬೇತಿಯಲ್ಲಿ ನೋಡಿದ್ದೇ ಪರೀಕ್ಷೆಯಲ್ಲೂ ಬರುತ್ತದೆ. ಪ್ರಶ್ನೆಪತ್ರಿಕೆ ಮೊದಲೇ ಕೈಸೇರಿದಂತೆ! ಫ್ರೇಮ್ ಲೆಕ್ಕದಲ್ಲಲ್ಲ, ವಿಡಿಯೊ ಲೆಕ್ಕದಲ್ಲಿ, ಸಾಧ್ಯವಾದರೆ ಕ್ಯಾಮೆರಾ ಲೆಕ್ಕದಲ್ಲಿ ಹಂಚಬೇಕು. ಅಂಕಿ ಇಳಿಯುತ್ತದೆ, ಇಳಿಯಲಿ ಬಿಡಿ.

ನೆಟ್‌ವರ್ಕ್ ಮೂಲಕ ಬರುವ ವಿಡಿಯೊದ್ದು ಬೇರೆಯೇ ತಕರಾರು. 1920×1080ರ ಒಂದು ಬಣ್ಣದ ಫ್ರೇಮ್ ಸುಮಾರು 6.2 ಮೆಗಾಬೈಟ್. ಸೆಕೆಂಡಿಗೆ ಇಂಥ 30 ಫ್ರೇಮ್‌ಗಳನ್ನು ಸಂಕುಚಿಸದೆ ಕಳಿಸಲು ಸೆಕೆಂಡಿಗೆ ಸುಮಾರು 1.5 ಗಿಗಾಬಿಟ್ ಬೇಕು. ಹಾಗಾಗಿ ಎಚ್.264ರಂಥ ಸಂಕುಚನ ಅನಿವಾರ್ಯ. ಆದರೆ ಕಳೆದದ್ದನ್ನು ತಾನಾಗಿ ಮತ್ತೆ ಕಳಿಸದ ಯುಡಿಪಿ ರವಾನೆಯಲ್ಲಿ ಒಂದು ಪ್ಯಾಕೆಟ್ (ದತ್ತಾಂಶದ ತುಣುಕು) ಕಳೆದರೂ ಮುಂದಿನ ಕೀಫ್ರೇಮ್ (ಬೇರೆ ಫ್ರೇಮ್‌ಗಳನ್ನು ಅವಲಂಬಿಸದ ಪೂರ್ಣ ಚಿತ್ರ) ಬರುವತನಕ ಚಿತ್ರ ಚೌಕಚೌಕವಾಗಿ ಕದಡಬಹುದು. ಕಳೆದದ್ದನ್ನು ಮತ್ತೆ ಕಳಿಸುವ ಟಿಸಿಪಿಯಾದರೆ ಚಿತ್ರ ಕೆಡದು, ತಡವಾಗುತ್ತದೆ. ಶುಭ್ರ ಚಿತ್ರಗಳಲ್ಲೇ ಕಲಿತ ಮಾದರಿ ಎಡವುವುದು ಇಲ್ಲೇ. ನೆಟ್‌ವರ್ಕ್ ತೊಂದರೆಗಳನ್ನು ಅನುಕರಿಸುವ ಲಿನಕ್ಸ್‌ನ ನೆಟೆಮ್ ಸಾಧನ ಬಳಸಿ ವಿದ್ಯಾರ್ಥಿಗಳು ಶೇ 1, 2, 5ರ ಪ್ಯಾಕೆಟ್ ನಷ್ಟವನ್ನು ಬೇಕೆಂದೇ ಉಂಟುಮಾಡಿ, ಪ್ರತಿ ಹಂತದ ಫಲಿತಾಂಶವನ್ನೂ ವಿಳಂಬವನ್ನೂ ವರದಿಯಲ್ಲಿ ಕೊಡಲಿ.

– ಕಂಪ್ಯೂಟರ್ ವಿಜ್ಞಾನ ಅಧ್ಯಾಪಕರು