ಗುಜರಿ ಸಾಹುಕಾರರು ಮುರಿಯದೆ ಬಿಟ್ಟ ಆರು ಎಂಜಿನ್‌ಗಳಿಗಾಗಿ ಒಂದು ಮನವಿ

ಅಮೆರಿಕದಲ್ಲಿರುವ ಕನ್ನಡದ ಬಂಧುಗಳಿಗೆ ನಮಸ್ಕಾರ.

ನ್ಯೂಜೆರ್ಸಿ ಕಡೆಯಿಂದ ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಕಾರಿನಲ್ಲಿ ಹೋದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ದಾರಿಯಲ್ಲಿ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಮೇಲೆ ಫೋರ್ಟ್ ಲಿಟಲ್‌ಟನ್ ಅಂತ ಒಂದು ಎಕ್ಸಿಟ್ ಸಿಗುತ್ತದೆ. ನಾವ್ಯಾರೂ ಅಲ್ಲಿ ಕಾರು ತಿರುಗಿಸುವುದಿಲ್ಲ. ಪುಳಿಯೋಗರೆ ಮುಗಿಯುವ ಮುಂಚೆ ಗುಡಿ ಸೇರಬೇಕಲ್ವಾ! ಮುಂದಿನ ಸಲ ಒಮ್ಮೆ ತಿರುಗಿಸಿ. 522ನೇ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಆರ್ಬಿಸೋನಿಯಾ ಬರುತ್ತದೆ. ಅದರ ಮಗ್ಗುಲಲ್ಲೇ ರಾಕ್‌ಹಿಲ್ ಫರ್ನೇಸ್ ಅನ್ನುವ ಪುಟ್ಟ ಊರು. ಈಸ್ಟ್ ಬ್ರಾಡ್ ಟಾಪ್ ರೈಲ್ವೆ ಇರುವುದು ಅಲ್ಲೇ.

ನಾವು ಏಳೆಂಟು ಮನೆಯವರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಬಂದೆವು. ಅದಾದ ಮೇಲೆ ಸುಮ್ನೆ ಕೂರಲಾಗದೆ, ಅಲ್ಲಿನ ಹಳೆಯ ಆವಿ ಎಂಜಿನ್‌ಗಳ ರಿಪೇರಿಗೆ ದೇಣಿಗೆ ಕೊಡಿ ಅಂತ ಈ ಮನವಿ ಬರೆಯುತ್ತಿದ್ದೇವೆ.

ಇದು ದೊಡ್ಡ ರೈಲ್ವೆ ಅಲ್ಲ. 1870ರ ದಶಕದಲ್ಲಿ ಗುಡ್ಡದ ಕಲ್ಲಿದ್ದಲು ಇಳಿಸಲು ಹಾಕಿದ, ಸುಮಾರು 33 ಮೈಲಿಯ ದಾರಿ. ಹಳಿಗಳ ನಡುವೆ ಮೂರೇ ಅಡಿ, ನಮ್ಮ ಹಳೆಯ ಮೀಟರ್ ಗೇಜ್‌ಗಿಂತಲೂ ಕಿರಿದು. ರಾಬರ್ಟ್ಸ್‌ಡೇಲ್ ಕಡೆಯ ಗಣಿಗಳಿಂದ ಕಲ್ಲಿದ್ದಲು ಹೊತ್ತು, ಎರಡು ಸುರಂಗ ದಾಟಿ, ಮೌಂಟ್ ಯೂನಿಯನ್‌ನಲ್ಲಿ ದೊಡ್ಡ ಗೇಜಿನ ರೈಲಿಗೆ ಒಪ್ಪಿಸುವುದು ಇದರ ಕೆಲಸ. ಅಲ್ಲಿ ಒಂದು ಮಜಾ ಇತ್ತು. ದೊಡ್ಡ ಗೇಜಿನ ವ್ಯಾಗನ್ನನ್ನೇ ಕ್ರೇನಿನಲ್ಲಿ ಎತ್ತಿ, ಕೆಳಗಿನ ಚಕ್ರ ಬದಲಿಸಿ, ಸಣ್ಣ ಹಳಿಯ ಮೇಲೆ ಓಡಿಸುತ್ತಿದ್ದರು.

1956ರಲ್ಲಿ ಕಲ್ಲಿದ್ದಲಿನ ವ್ಯಾಪಾರ ಇಳಿದು ರೈಲ್ವೆ ಮುಚ್ಚಿತು. ಹಳಿ, ಬೋಗಿ, ಎಂಜಿನ್ ಎಲ್ಲ ಸೇರಿಸಿ ಕೊಂಡವರು ನಿಕ್ ಕೊವಾಲ್ಚಿಕ್. ಅವರ ಕಸುಬು ಗುಜರಿ! ಮುಚ್ಚಿದ ರೈಲ್ವೆಯನ್ನು ಗುಜರಿಯವರು ಕೊಂಡರೆ ಮುಂದೇನು ಅಂತ ಯಾರಿಗೂ ಹೇಳಬೇಕಾಗಿಲ್ಲ. ಆದರೆ ಈ ಮನುಷ್ಯ ಎಂಜಿನ್‌ಗಳಿಗೆ ಸುತ್ತಿಗೆ ಹಾಕಲಿಲ್ಲ. 1960ರಲ್ಲಿ ಆರ್ಬಿಸೋನಿಯಾ ಊರಿಗೆ 200 ವರ್ಷ ತುಂಬಿದ ಹಬ್ಬ ಬಂತು. ಒಂದಿಷ್ಟು ದೂರದ ಹಳಿ ಸರಿಮಾಡಿಸಿ, ಜನರನ್ನು ಕೂರಿಸಿಕೊಂಡು ಮತ್ತೆ ರೈಲು ಓಡಿಸಿದರು. ಆಮೇಲೆ ಮಗ ಜೋ ನಡೆಸಿಕೊಂಡು ಬಂದರು. 2011ರ ನಂತರ ಅದೂ ನಿಂತಿತು. 2020ರಲ್ಲಿ ಈಸ್ಟ್ ಬ್ರಾಡ್ ಟಾಪ್ ಫೌಂಡೇಶನ್ ಅನ್ನುವ ಲಾಭರಹಿತ ಸಂಸ್ಥೆ ಇದನ್ನು ಆ ಕುಟುಂಬದಿಂದ ಕೊಂಡುಕೊಂಡಿತು.

ಹಾಗಾಗಿ ಬೇರೆಲ್ಲೂ ಸಿಗುವುದು ಕಷ್ಟ ಅನ್ನುವಂಥದ್ದು ಇಲ್ಲಿ ಉಳಿದಿದೆ. 12, 14, 15, 16, 17, 18 ಎಂಬ ನಂಬರಿನ ಆರು ಎಂಜಿನ್‌ಗಳು. ಆರೂ 1911ರಿಂದ 1920ರ ಒಳಗೆ ಬಾಲ್ಡ್‌ವಿನ್ ಕಾರ್ಖಾನೆಯಲ್ಲಿ ಆದವು. ಆರೂ ಇನ್ನೂ ತಮ್ಮ ತವರಲ್ಲೇ ಇವೆ. ಅವನ್ನು ರಿಪೇರಿ ಮಾಡುತ್ತಿದ್ದ ವರ್ಕ್‌ಶಾಪ್ ಕೂಡ ಹಾಗೇ ಇದೆ. ಸೂರಿನ ಕೆಳಗೆ ಉದ್ದನೆಯ ಶಾಫ್ಟು, ಅದರಿಂದ ಒಂದೊಂದು ಯಂತ್ರಕ್ಕೆ ಇಳಿದ ಬೆಲ್ಟು. ಹಳೆಯ ಅಕ್ಕಿ ಗಿರಣಿ ನೋಡಿದವರಿಗೆ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಾಗುತ್ತದೆ.

16ನೇ ನಂಬರಿನದು 1956ರಲ್ಲಿ ಬೆಂಕಿ ಆರಿಸಿ ಶೆಡ್ಡು ಸೇರಿದ್ದು. ಪ್ರವಾಸಿ ರೈಲಿನ ಕಾಲದಲ್ಲೂ ಅದರ ಸರದಿ ಬರಲಿಲ್ಲ. ಮತ್ತೆ ಉಸಿರಾಡಿದ್ದು 2023ರಲ್ಲಿ, 67 ವರ್ಷದ ಮೇಲೆ.

ಓಡಿತಲ್ಲ, ಇನ್ನೇನು ದುಡ್ಡು ಅಂತ ಕೇಳಬಹುದು. ಖರ್ಚೆಲ್ಲ ಬಾಯ್ಲರ್‌ನಲ್ಲೇ ಇದೆ. ಎಂಜಿನ್ನಿನ ಹೊಟ್ಟೆಯೊಳಗೆ ಉದ್ದಕ್ಕೂ ಕೊಳವೆಗಳು. ಕೊಳವೆಯೊಳಗೆ ಬೆಂಕಿಯ ಹೊಗೆ, ಸುತ್ತ ನೀರು. ಬಚ್ಚಲ ಹಂಡೆಯಲ್ಲಿ ಕಟ್ಟುವಂತೆ ಇಲ್ಲೂ ಕಿಟ್ಟ ಕಟ್ಟುತ್ತದೆ. ಕಾದು, ತಣಿದು, ಮತ್ತೆ ಕಾದು ಉಕ್ಕು ಸವೆಯುತ್ತದೆ. ಅದಕ್ಕೇ ಅಮೆರಿಕದ ರೈಲ್ವೆ ಕಾನೂನು ಬಿಗಿಯಾಗಿದೆ. ಬೆಂಕಿ ಹಾಕಿದ ದಿನಗಳು 1,472 ಆದರೆ, ಅಥವಾ 15 ವರ್ಷ ತುಂಬಿದರೆ, ಯಾವುದು ಮೊದಲೋ ಆಗ ಬಾಯ್ಲರನ್ನು ಪೂರ್ತಿ ಬಿಚ್ಚಬೇಕು. ಕೊಳವೆಗಳನ್ನು ಹೊರಗೆ ತೆಗೆದು, ತಗಡಿನ ದಪ್ಪ ಅಳೆದು, ತೆಳುವಾದ ಜಾಗಕ್ಕೆ ಹೊಸ ಉಕ್ಕು ಹಾಕಬೇಕು. ಇದು ನಿಯಮ ಅನ್ನುವುದಕ್ಕಿಂತ ಜೀವದ ಪ್ರಶ್ನೆ. ಆವಿಯ ಒತ್ತಡದಲ್ಲಿರುವ ಬಾಯ್ಲರ್ ಒಡೆದರೆ ಹತ್ತಿರ ನಿಂತವರು ಉಳಿಯುವುದು ಕಷ್ಟ. ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ, ಹೊಸದಾಗಿ ಮಾಡಿಸಬೇಕು. ಇನ್ನು ಹಳಿಯ ಅಡಿಗೆ ಹಾಕುವ ಸ್ಲೀಪರ್ ಮರ ಬದಲಿಸುವುದು, ಸೂರು ಸೋರದಂತೆ ನೋಡುವುದು ಬೇರೆ. ಈ ಕೆಲಸಕ್ಕೆ ಫ್ರೆಂಡ್ಸ್ ಆಫ್ ದಿ ಈಸ್ಟ್ ಬ್ರಾಡ್ ಟಾಪ್ ಎಂಬ ಗೆಳೆಯರ ಬಳಗದವರು ರಜೆ ಹಾಕಿ ಬಂದು ಕೈಜೋಡಿಸುತ್ತಾರೆ.

ಅಮೆರಿಕದ ರೈಲಿಗೆ ಕನ್ನಡದವರು ಯಾಕೆ ಕೊಡಬೇಕು? ನಮ್ಮಲ್ಲೇ ಒಬ್ಬರು ಮೊದಲ ದಿನವೇ ಕೇಳಿದರು. ಪ್ರಶ್ನೆ ಸರಿಯಾಗಿಯೇ ಇದೆ. ನೀವು ಊರಿನ ಶಾಲೆಗೆ ಕೊಡುತ್ತಿದ್ದರೆ ಅದನ್ನು ನಿಲ್ಲಿಸಿ ಇದಕ್ಕೆ ಕೊಡಬೇಡಿ. ಅದು ಮೊದಲು. ಆದರೆ ನಮ್ಮ ಮಕ್ಕಳು ಹುಟ್ಟಿದ ನಾಡು ಇದು, ಇಲ್ಲಿನ ಹಳೆಯದೂ ಅವರದೇ. ಇನ್ನೊಂದು ಸಂಗತಿ. 1947ರಲ್ಲಿ ಭಾರತಕ್ಕೆ ಬಂದ, ಬ್ರಾಡ್ ಗೇಜಿನ ಪ್ಯಾಸೆಂಜರ್ ರೈಲು ಎಳೆಯುವ ಮೊದಲ ಡಬ್ಲ್ಯುಪಿ ಎಂಜಿನ್‌ಗಳು ಇದೇ ಬಾಲ್ಡ್‌ವಿನ್‌ನವರು ಮಾಡಿದ್ದು. ಈ ಆರರ ಚಕ್ರದ ಜೋಡಣೆಯೂ ನಮಗೆ ಹೊಸದಲ್ಲ. ಮುಂದೆ ಎರಡು, ನಡುವೆ ಎಂಟು, ಹಿಂದೆ ಎರಡು. ನಮ್ಮ ಮೀಟರ್ ಗೇಜಿನ ವೈಜಿ ಎಂಜಿನ್ನಿಗೂ ಹೀಗೇ ಇತ್ತು. ಚಿಕ್ಕಂದಿನಲ್ಲಿ ಕಿಟಕಿಗೆ ಮುಖ ಇಟ್ಟು, ಕಣ್ಣಿಗೆ ಕಲ್ಲಿದ್ದಲಿನ ಪುಡಿ ಬಿದ್ದು, ಅಮ್ಮನ ಸೆರಗಿನ ಶಾಖ ಕೊಡಿಸಿಕೊಂಡವರು ನಮ್ಮಲ್ಲೂ ಇದ್ದಾರೆ. ರಾಕ್‌ಹಿಲ್‌ನಲ್ಲಿ ಸೀಟಿ ಕೇಳಿದ ಕೂಡಲೇ ಅವರೆಲ್ಲ ಮಾತು ನಿಲ್ಲಿಸಿದರು.

ದುಡ್ಡನ್ನು ನಮಗೆ ಕಳಿಸಬೇಡಿ. ನಾವು ರಸೀದಿ ಪುಸ್ತಕ ಇಟ್ಟುಕೊಂಡಿಲ್ಲ, ಇಟ್ಟುಕೊಳ್ಳುವುದೂ ಇಲ್ಲ. ನೇರವಾಗಿ ಈಸ್ಟ್ ಬ್ರಾಡ್ ಟಾಪ್ ಫೌಂಡೇಶನ್‌ಗೇ ಕೊಡಿ. ಎಷ್ಟು ಅಂತ ಕೇಳಿದರೆ, ಕನ್ನಡ ಸಂಘದ ಯುಗಾದಿ ಊಟಕ್ಕೆ ಮನೆಮಂದಿಯ ಟಿಕೆಟ್ ಎಷ್ಟಾಗುತ್ತದೋ ಅಷ್ಟು ಸಾಕು. ಜಾಸ್ತಿ ಕೊಟ್ಟರೆ ಬೇಡ ಅನ್ನುವವರು ಯಾರೂ ಇಲ್ಲ. ನೀವು ಕೆಲಸ ಮಾಡುವ ಕಂಪನಿ ನೌಕರರ ದೇಣಿಗೆಗೆ ಅಷ್ಟೇ ಮೊತ್ತ ಸೇರಿಸುವುದಾದರೆ ಆ ಫಾರಂ ತುಂಬಲು ಮರೆಯಬೇಡಿ. ಇಲ್ಲಿ ತೆರಿಗೆ ಕಟ್ಟುವವರು ರಸೀದಿ ಇಟ್ಟುಕೊಳ್ಳಿ. ಊರಿನಿಂದ ಕೊಡುವ ಮನಸ್ಸಿದ್ದವರಿಗೆ ಮಾತ್ರ ಒಂದು ಮಾತು: ಇದಕ್ಕೆ ಭಾರತದಲ್ಲಿ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ.

ಕೊಡಲಾಗದವರು ಟಿಕೆಟ್ ತೆಗೆದುಕೊಂಡು ಒಂದು ಸಲ ಕೂತು ಬನ್ನಿ, ಅದೂ ದೇಣಿಗೆಯೇ. ಆವಿಯ ರೈಲು ಯಾವ ದಿನ ಓಡುತ್ತದೆ ಅಂತ ಮೊದಲೇ ನೋಡಿಕೊಂಡು ಹೊರಡಿ. ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಾದರೆ ರೇಷ್ಮೆ ಸೀರೆ, ಬಿಳಿ ಪಂಚೆ ಬ್ಯಾಗಿನಲ್ಲೇ ಇರಲಿ. ಮಸಿ ಬೀಳುತ್ತದೆ.