ತಿಂಗಳಿಗೆ ಇನ್ನೂರು ರೂಪಾಯಿ: ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ನಾನು ಪುಣೆ ಬಳಿಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಇಪ್ಪತ್ತಾರು ವರ್ಷದಿಂದ ಫಿಟರ್. ಮನೆಮಾತು ಕನ್ನಡ, ಮತ ಪುಣೆ ಜಿಲ್ಲೆಯದು. ವೃದ್ಧರ ಪಿಂಚಣಿ ಬಗ್ಗೆ ನಿಮಗೆ ಬರೆಯಬೇಕೆಂದು ಮೂರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ಕಳೆದ ತಿಂಗಳು ನಡೆದದ್ದನ್ನು ಕಂಡ ಮೇಲೆ ತಡೆದುಕೊಳ್ಳಲು ಆಗಲಿಲ್ಲ.

ಕೇಳುವುದನ್ನು ಮೊದಲೇ ಕೇಳಿಬಿಡುತ್ತೇನೆ. ಮುದುಕರ ಪಿಂಚಣಿಯನ್ನು ಹಕ್ಕಾಗಿ ಮಾಡುವ, ವರ್ಷವರ್ಷ ತಾನಾಗಿ ಏರುವ ಒಂದು ಮಸೂದೆಯನ್ನು ಸಂಸತ್ತಿಗೆ ತನ್ನಿ. ಅದಕ್ಕೆ ಜನರ ಬೆಂಬಲ ಕೇಳಲು ನಮ್ಮ ಓಣಿಗೂ ಬನ್ನಿ, ಸೊಸೈಟಿಗಳಿಗೂ ಹೋಗಿ.

ನಮ್ಮ ದೊಡ್ಡವ್ವ ಇಂಡಿ ತಾಲೂಕಿನವಳು. 1972ರ ಬರದಲ್ಲಿ ಗಡಿ ದಾಟಿ ಸೋಲಾಪುರದ ಕಡೆ ಬರಗಾಲದ ಕಾಮಗಾರಿಗೆ ಹೋಗಿ ಖಡಿ ಕಲ್ಲು ಒಡೆದಳು. ಕಾಮಗಾರಿಯಲ್ಲಿ ಹಂಚುತ್ತಿದ್ದ ಸುಕಡಿ ತಿಂದು, ಕೆಂಪು ಮಿಲೋ ಜೋಳದ ರೊಟ್ಟಿ ತಟ್ಟಿ ಆ ವರ್ಷ ದಾಟಿದ್ದನ್ನು ಈಗಲೂ ಹೇಳುತ್ತಾಳೆ. ಆಮೇಲೆ ಪುಣೆಗೆ ಬಂದು ಮೂವತ್ತು ವರ್ಷ ಬಿಗಾರಿ ಕೆಲಸ. ಕೋಥರೂಡಿನಲ್ಲಿ, ಔಂಧಿನಲ್ಲಿ ಅವಳು ತಲೆಯ ಮೇಲೆ ಸಿಮೆಂಟ್ ಹೊತ್ತು ಕಟ್ಟಿದ ಬಿಲ್ಡಿಂಗುಗಳಲ್ಲಿ ಇವತ್ತು ಜನ ವಾಸವಾಗಿದ್ದಾರೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ನಮ್ಮ ಪಕ್ಕದ ತಗಡಿನ ಖೋಲಿಯಲ್ಲಿ ಒಬ್ಬಳೇ ಇರುತ್ತಾಳೆ. ಈಗ ಎಪ್ಪತ್ತೇಳು. ಮಹಾರಾಷ್ಟ್ರ ಸರಕಾರದ ವೃದ್ಧರ ಪಿಂಚಣಿಯಾದ ಶ್ರಾವಣಬಾಳ ಯೋಜನೆಯ 1,500 ರೂಪಾಯಿ ಬಿಟ್ಟರೆ ಅವಳದು ಅಂತ ಬೇರೆ ದುಡ್ಡಿಲ್ಲ.

ಆ ದುಡ್ಡು ಮೂರು ತಿಂಗಳು ಬರಲಿಲ್ಲ. ಪಿಂಚಣಿ ಕಚೇರಿಗೆ ಹೋಗಿ ವಿಚಾರಿಸಿದರೆ, ಹಯಾತಿ ದಾಖಲೆ, ಅಂದರೆ ಬದುಕಿದ್ದಾಳೆ ಎಂಬ ಪತ್ರ, ಬಂದಿಲ್ಲ ಎಂದರು. ಕೊಟ್ಟಿದ್ದೆವು, ಪಾವತಿ ಚೀಟಿಯನ್ನೂ ತೋರಿಸಿದೆ. ಅದೆಲ್ಲ ನಡೆಯುವುದಿಲ್ಲ, ಅಜ್ಜಿಯನ್ನೇ ಕರೆತನ್ನಿ ಎಂದರು. ಕಚೇರಿ ಮೂರನೇ ಮಹಡಿಯಲ್ಲಿ, ಲಿಫ್ಟ್ ಬಂದ್. ಕೆಳಗಿನ ಚಹಾ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಇಸಿದುಕೊಂಡು, ಅದರಲ್ಲಿ ಕೂರಿಸಿ, ನಾನೂ ನನ್ನ ಮಗನೂ ಅವಳನ್ನು ಹೊತ್ತು ಮೆಟ್ಟಿಲು ಹತ್ತಿದೆವು. ಎರಡು ಕಡೆ ಇಳಿಸಿ ಉಸಿರು ತೆಗೆದುಕೊಂಡೆವು. ಕೆಳಗಿಳಿಯುತ್ತಿದ್ದ ಜನ ಗೋಡೆಗೆ ಸರಿದು ದಾರಿ ಬಿಟ್ಟರು. ಅವಳು ಕುರ್ಚಿಯ ಕೈ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಮೇಲೆ ಮುಟ್ಟಿದಾಗ ಊಟದ ವೇಳೆ. ಒಂದು ತಾಸು ಕಾಯ್ದ ಮೇಲೆ ಹೆಬ್ಬೆಟ್ಟು ಇಡಿಸಿದರು. ಐದು ಸಲ ಇಟ್ಟರೂ ಯಂತ್ರ ಹಿಡಿಯಲಿಲ್ಲ. ಸಿಮೆಂಟು, ಸುಣ್ಣ ತಿಂದ ಬೆರಳು, ಗೆರೆ ಎಲ್ಲಿ ಉಳಿದಿರುತ್ತದೆ? ಹೊಸ ಉತ್ಪನ್ನದ (ಆದಾಯದ) ದಾಖಲೆಯೊಂದಿಗೆ ಇನ್ನೊಮ್ಮೆ ಬನ್ನಿ ಎಂದರು. ಆಗ ದೊಡ್ಡವ್ವ ಕೇಳಿದಳು: “ನಾ ಇದ್ದೀನಿ ಅಂತ ಹೇಳಾಕ ಇಷ್ಟು ಮ್ಯಾಲ ಏರಬೇಕೇನಪಾ?”

ಅವಳು ಕೇಳಿದ್ದು ನನ್ನನ್ನು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮನ್ನು ಕೇಳುತ್ತಿದ್ದೇನೆ.

ನಿಯಮಗಳು ನಿಮಗೆ ಗೊತ್ತು. ಬಡತನ ರೇಖೆಯ ಪಟ್ಟಿಯಲ್ಲಿರುವ ಎಂಬತ್ತರೊಳಗಿನ ಮುದುಕರಿಗೆ ದಿಲ್ಲಿ ಕೊಡುವುದು ತಿಂಗಳಿಗೆ 200 ರೂಪಾಯಿ. 2007ರಲ್ಲಿ ಯೋಜನೆಗೆ ಇಂದಿರಾ ಗಾಂಧಿ ಹೆಸರಿಟ್ಟಾಗಲೂ 200, ಇವತ್ತೂ 200. ನಾಲ್ಕು ಕಿಲೋ ಜೋಳ ಬಂದರೆ ಹೆಚ್ಚು. ಇದನ್ನು 500ಕ್ಕಾದರೂ ಏರಿಸಿ ಎಂದು 2017ರಲ್ಲಿ 60 ಮಂದಿ ಅರ್ಥಶಾಸ್ತ್ರಜ್ಞರು ಹಣಕಾಸು ಸಚಿವರಿಗೆ ಬರೆದರು, ಏರಲಿಲ್ಲ. ಉಳಿದದ್ದನ್ನು ರಾಜ್ಯ ತುಂಬುತ್ತದೆ. ಆದರೆ ಅದಕ್ಕೂ ಕುಟುಂಬದ ಆದಾಯ ವರ್ಷಕ್ಕೆ 21,000 ದಾಟಬಾರದು, ಅಂದರೆ ದಿನಕ್ಕೆ 58 ರೂಪಾಯಿಯೂ ಆಗಲಿಲ್ಲ. ಇದು ಬಡವರನ್ನು ಹುಡುಕುವ ಲೆಕ್ಕವಲ್ಲ ಸಾಹೇಬರೇ, ಹೊರಗಿಡುವ ಲೆಕ್ಕ.

ನನ್ನ ಪಗಾರ ಚೀಟಿಯಲ್ಲಿ ಪ್ರತಿ ತಿಂಗಳು ವೃತ್ತಿ ತೆರಿಗೆ ಅಂತ 200 ರೂಪಾಯಿ ಕಡಿತವಾಗುತ್ತದೆ, ಫೆಬ್ರವರಿಯಲ್ಲಿ 300. ಮಹಾರಾಷ್ಟ್ರ ಈ ತೆರಿಗೆಯನ್ನು 1975ರಲ್ಲಿ ತಂದದ್ದು ಉದ್ಯೋಗ ಖಾತರಿ ಯೋಜನೆಗೆ ಹಣ ಕೂಡಿಸಲು. ಬರದಿಂದ ಬೆಂದ ಹಳ್ಳಿಗೆ ಕೆಲಸ ಕೊಡಲು ನಗರದ ಪಗಾರದಾರರು ಕೊಡಲಿ ಎಂದು ಸರಕಾರ ಬಾಯಿಬಿಟ್ಟು ಕೇಳಿತು. ಆಗ ರಾಜ್ಯದ ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ.ಎಸ್. ಪಾಗೆಯವರು ಬೆನ್ನು ಹತ್ತಿ ಮಾಡಿಸಿದ ಯೋಜನೆ ಅದು, 1977ರಲ್ಲಿ ಕಾಯ್ದೆಯಾಯಿತು. ಮುಂದೆ ಇಡೀ ದೇಶಕ್ಕೆ ಬಂದ ನರೇಗಾಕ್ಕೆ ಅದೇ ದಾರಿ ತೋರಿಸಿತು. ಅಂದು ಕೇಳಿದ್ದಕ್ಕೆ ಜನ ಕೊಟ್ಟರು. ಇವತ್ತು ನೀವು ಕೇಳುತ್ತಲೇ ಇಲ್ಲ.

ನಮ್ಮ ಕಂಪನಿಯ ಕ್ಯಾಂಟೀನಿನಲ್ಲಿ ಈ ಮಾತೆತ್ತಿದರೆ ಹುಡುಗರು, “ನಮ್ಮ ತೆರಿಗೆ ದುಡ್ಡು ಪುಕ್ಕಟೆ ಹಂಚುತ್ತಾರೆ” ಎನ್ನುತ್ತಾರೆ. ಅವರು ಕೆಟ್ಟವರಲ್ಲ. ಅವರ ಅವ್ವ-ಅಪ್ಪಂದಿರೂ ಕಲಬುರಗಿ, ಯಾದಗಿರಿಯಲ್ಲಿ ಇದೇ ಪಿಂಚಣಿಗೆ ಕಾಯುತ್ತಿದ್ದಾರೆ. ಈ ಮಾತನ್ನೂ ಆ ಮನೆಗಳನ್ನೂ ಜೋಡಿಸಿ ಅವರಿಗೆ ಯಾರೂ ಹೇಳಿಲ್ಲ. ನಾನು ಹೇಳಿದರೆ ಜಗಳವಾಗುತ್ತದೆ. ನೀವು ಹೇಳಿದರೆ ಕೇಳುತ್ತಾರೆ. ಪಾರ್ಟಿ ಯಾವುದೇ ಇರಲಿ, ಅದು ನಿಮ್ಮ ಕೆಲಸ.

ಮಂತ್ರಿಯಲ್ಲದ ಸದಸ್ಯರಿಗೆ ಶುಕ್ರವಾರ ಮಧ್ಯಾಹ್ನ ಖಾಸಗಿ ಮಸೂದೆಗೆ ಅವಕಾಶವಿದೆ. 1970ರ ನಂತರ ಅಂಥ ಒಂದು ಮಸೂದೆಯೂ ಕಾಯ್ದೆಯಾಗಿಲ್ಲ ಎಂದು ನೀವು ಹೇಳಬಹುದು. ಆಗದಿದ್ದರೂ ಮಂಡಿಸಿ. ಸದನದ ದಾಖಲೆಯಲ್ಲಿ ಈ 200 ರೂಪಾಯಿಯ ಮಾತು ನಿಮ್ಮ ಹೆಸರಿನಲ್ಲಿ ಬರಲಿ. ಕನಿಷ್ಠ 1,000 ರೂಪಾಯಿ ಪಿಂಚಣಿ, ವರ್ಷಕ್ಕೆ ಶೇಕಡಾ 15 ಏರಿಕೆ ಎಂದು ರಾಜಸ್ಥಾನ 2023ರಲ್ಲಿ ಕಾಯ್ದೆಯಲ್ಲೇ ಬರೆಯಿತು. ಹಾಗೆ ಬರೆಯಲು ಬರುತ್ತದೆ ಅಂತಾಯಿತಲ್ಲ. ಮಸೂದೆ ತನ್ನಿ. ಬದುಕಿದ್ದಾರೆಯೇ ಎಂದು ನೋಡಲು ಸರಕಾರವೇ ಮನೆಬಾಗಿಲಿಗೆ ಬರಬೇಕು ಎಂದು ಅದರಲ್ಲಿ ಬರೆಯಿರಿ. ನನ್ನ ವೃತ್ತಿ ತೆರಿಗೆಯ 200 ಅನ್ನು 400 ಮಾಡಬೇಕಾದರೆ ಆ ತೆರಿಗೆಗೆ ಸಂವಿಧಾನದಲ್ಲಿರುವ ವರ್ಷಕ್ಕೆ 2,500ರ ಮಿತಿಯನ್ನೂ ತಿದ್ದಿ. ನಾನು ಕೊಡುತ್ತೇನೆ.

ದೊಡ್ಡವ್ವನ ಉತ್ಪನ್ನದ ದಾಖಲೆ ಇನ್ನೂ ಕೈಗೆ ಬಂದಿಲ್ಲ. ಬಂದ ದಿನ ಮತ್ತೆ ಕುರ್ಚಿ ಕೇಳಿ ಇಸಿದುಕೊಂಡು ಮೂರು ಮಹಡಿ ಹತ್ತಬೇಕು. ಆ ದಿನ ನೀವು ಪುಣೆಯಲ್ಲಿದ್ದರೆ ದಯವಿಟ್ಟು ಬನ್ನಿ. ಕುರ್ಚಿಯ ಒಂದು ಕಡೆ ನೀವು ಹಿಡಿಯಿರಿ.

ಇಂತಿ,
ಭೋಸರಿಯ ಒಬ್ಬ ಮತದಾರ